ಜೂನ್ ಒಂದರಂದು ಹುಟ್ಟಿದವರು

ಶಂಭುಲಿಂಗಯ್ಯ ಮೇಷ್ಟರು ಗಂಗಲಕ್ಷ್ಮಿಯನ್ನು ಮೊದಲು ಕಂಡದ್ದು ದಾಸನಪಾಳ್ಯದ ಶಾಲೆಯ ಜಗಲಿಯ ಮೇಲೆ, ಅವಳು ಒಂದನೆಯ ತರಗತಿಗೆ ಸೇರಲು ಬಂದ ದಿನ. ಎಂಬತ್ತರ ದಶಕದ ನಡುವಿನ ಮಾತು ಅದು. ಹುಳಿಯಾರಿನ ಆಚೆಗಿನ ಆ ಊರಿಗೆ ಆಗ ದಿನಕ್ಕೆ ಎರಡೇ ಬಸ್ಸು. ಹುಟ್ಟಿದ ತಾರೀಖನ್ನು ಬರೆದಿಟ್ಟುಕೊಂಡ ಮನೆ ಒಂದೂ ಇರಲಿಲ್ಲ. ಮಗುವಿನ ವಯಸ್ಸು ತಿಳಿಯಲು ಮೇಷ್ಟರಿಗೆ ಇದ್ದದ್ದು ಒಂದೇ ಉಪಾಯ. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿದೆ, ಶಾಲೆಗೆ ಬರಬಹುದು. ಮುಟ್ಟದಿದ್ದರೆ ಮುಂದಿನ ವರ್ಷ.

ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆಸಿಕೊಂಡಿದ್ದ ಆ ಹುಡುಗಿ ಕೈಯನ್ನು ತಲೆಯ ಮೇಲೆ ಹಾಯಿಸಿದಳು. ಬೆರಳು ಕಿವಿಗೆ ಎರಡಂಗುಲ ಮೇಲೆಯೇ ನಿಂತಿತು. ಅವಳು ಮೆಲ್ಲಗೆ ತಲೆಯನ್ನು ಬಲಕ್ಕೆ ವಾಲಿಸಿದಳು. ಕಿವಿ ಸಿಕ್ಕಿತು.

"ತಲೆ ನೆಟ್ಟಗೆ ಇಟ್ಟುಕೊಳ್ಳಮ್ಮ," ಎಂದರು ಮೇಷ್ಟರು.

ನೆಟ್ಟಗಿಟ್ಟುಕೊಂಡಳು. ಕಿವಿ ತಪ್ಪಿಹೋಯಿತು. ಅವಳ ಅಪ್ಪ ರಂಗಪ್ಪ, "ಮುಂದ್ಲ ವರ್ಸ ಬರಾನ ನಡಿಯೇ," ಎಂದು ಕೈ ಹಿಡಿದೆಳೆದ. ಹುಡುಗಿ ಜಗಲಿಯ ಕಂಬವನ್ನು ಅಪ್ಪಿಕೊಂಡು ನಿಂತಳು.

"ಸಾ, ಕೈ ಗಿಡ್ಡ ಇರೋರು ಯಾವತ್ತೂ ಇಸ್ಕೂಲಿಗೆ ಬರಂಗೇ ಇಲ್ವಾ?"

ಟೀಸಿಎಚ್ ತರಬೇತಿಯಲ್ಲಿ ಮೇಷ್ಟರಿಗೆ ಯಾರೂ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಇವಳು ಹುಟ್ಟಿದ್ದು ಯಾವಾಗ ಎಂದು ತಾಯಿಯನ್ನು ಕೇಳಿದರು. "ರಾಗಿ ಕುಯ್ಲಲ್ಲಿ ಸಾಮಿ. ಕೆರೆ ಕೋಡಿ ಬಿದ್ದಿತ್ತಲ್ಲ, ಆ ವರ್ಸ," ಎಂದಳು ತಾಯಿ. ಮೇಷ್ಟರು ಬೆರಳು ಮಡಿಸಿ ಎಣಿಸಿದರು. ಐದೂವರೆ. ಒಂದು ಗಳಿಗೆ ಯೋಚಿಸಿ, ಪೆನ್ನಿನ ಮುಚ್ಚಳ ತೆಗೆದು, ಆರು ವರ್ಷ ತುಂಬುವ ಹಾಗೆ ಲೆಕ್ಕ ಮಾಡಿ, ಜೂನ್ ಒಂದು ಎಂದು ಬರೆದರು. ಅವರ ಪುಸ್ತಕದಲ್ಲಿ ಹೆಚ್ಚಿನ ಮಕ್ಕಳು ಹುಟ್ಟುತ್ತಿದ್ದುದು ಜೂನ್ ಒಂದರಂದೇ.

ಹಾಗೆ ಸೇರಿದ ಗಂಗಲಕ್ಷ್ಮಿ ಶಾಲೆಯಲ್ಲಿ ಇದ್ದಷ್ಟು ದಿನವೂ 'ಯಾಕೆ' ಎಂದು ಕೇಳುವುದನ್ನು ಬಿಡಲಿಲ್ಲ. ಮಗ್ಗಿಯನ್ನು ಹತ್ತಕ್ಕೇ ಯಾಕೆ ನಿಲ್ಲಿಸಬೇಕು ಎಂದು ಕೇಳಿ ಒಮ್ಮೆ ಮೇಷ್ಟರ ಕೈಯಲ್ಲಿ ಕಿವಿ ಹಿಂಡಿಸಿಕೊಂಡದ್ದೂ ಉಂಟು. ಮುಂದೆ ನರ್ಸಿಂಗ್ ತರಬೇತಿ ಮುಗಿಸಿ, ಎರಡು ಕಡೆ ಕೆಲಸ ಮಾಡಿ, ಕೊನೆಗೆ ತನ್ನೂರಿನ ಉಪಕೇಂದ್ರಕ್ಕೇ ಸಿಸ್ಟರ್ ಆಗಿ ಬಂದಳು. ಸುತ್ತಲಿನ ಐದು ಹಳ್ಳಿಯ ಬಾಣಂತಿಯರು, ಕೂಸುಗಳು, ಬಿ.ಪಿ.ಯವರು, ಸಕ್ಕರೆಯವರು ಎಲ್ಲರೂ ಅವಳ ಸ್ಕೂಟರಿನ ಸದ್ದನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದರು.

ಗಂಗಲಕ್ಷ್ಮಿಗೆ ನಲವತ್ತೈದು ನಡೆಯುತ್ತಿದ್ದಾಗ ಉಪಕೇಂದ್ರಕ್ಕೆ ಒಂದು ಟ್ಯಾಬ್ ಬಂತು. ಗರ್ಭಕಂಠದ ಕ್ಯಾನ್ಸರನ್ನು, ಎಂದರೆ ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು, ಅದು ಬೇರೂರುವ ಮುಂಚೆಯೇ ಪತ್ತೆಮಾಡಲು ಒಂದು ಸಂಸ್ಥೆಯವರು ಕೊಟ್ಟ ಟ್ಯಾಬು. ಪರೀಕ್ಷೆಯೇನೋ ಸರಳ. ತೆಳುವಾದ ವಿನೆಗರನ್ನು ಹತ್ತಿಯಲ್ಲಿ ಅದ್ದಿ ಆ ಜಾಗಕ್ಕೆ ಹಚ್ಚಿ ಒಂದು ನಿಮಿಷ ಕಾದು ನೋಡಬೇಕು. ಬೆಳ್ಳಗಿನ ಮಚ್ಚೆ ಎದ್ದರೆ ಮುಂದಿನ ತಪಾಸಣೆ ಬೇಕು. ಕಷ್ಟ ಇದ್ದದ್ದು ಆಮೇಲೆ. ಯಾರನ್ನು ಎಲ್ಲಿಗೆ ಕಳಿಸಬೇಕು, ಯಾರು ಒಂದು ವರ್ಷಕ್ಕೆ ಬರಬೇಕು, ಯಾರು ಐದು ವರ್ಷಕ್ಕೆ, ಹೋದವರು ನಿಜವಾಗಿ ಹೋದರೇ ಎಂಬುದನ್ನೆಲ್ಲ ಒಬ್ಬಳೇ ನೆನಪಿಡುವುದು ಹೇಗೆ? ಟ್ಯಾಬು ಅದನ್ನು ನೆನಪಿಡುತ್ತಿತ್ತು. ಪ್ರಶ್ನೆಗಳಿಗೆ ಉತ್ತರ ತುಂಬಿದರೆ ಹಸಿರು, ಹಳದಿ, ಕೆಂಪು ಎಂದು ಬಣ್ಣ ತೋರಿಸಿ, ಮುಂದೇನು ಮಾಡಬೇಕೆಂದು ಕನ್ನಡದಲ್ಲೇ ಹೇಳುತ್ತಿತ್ತು.

ಚಿಕ್ಕನಾಯಕನಹಳ್ಳಿಯಲ್ಲಿ ತರಬೇತಿ ನಡೆಯಿತು. ಕಲಿಸಲು ಬಂದವಳು ಸುಷ್ಮಿತಾ ಎಂಬ ಚುರುಕು ಹುಡುಗಿ, ಸಂಸ್ಥೆಯ ಕಡೆಯವಳು. ಎಲ್ಲರೂ ತಲೆಯಾಡಿಸುತ್ತಿರುವಾಗ ಗಂಗಲಕ್ಷ್ಮಿ ಕೈಯೆತ್ತಿದಳು.

"ಮೇಡಂ, ಅದು ಹೇಳಿದ್ದು ನಂಗೆ ಸರಿ ಅನಿಸದೆ ಇದ್ರೆ?"

"ಒಳ್ಳೆ ಪ್ರಶ್ನೆ. ಇಲ್ಲಿ ಕೆಳಗೆ ನೋಡಿ, 'ನನ್ನ ಅಭಿಪ್ರಾಯ ಬೇರೆ' ಅಂತ ಒಂದು ಬಟನ್ ಇದೆ. ಒತ್ತಿ ಕಾರಣ ಬರೆದ್ರೆ ನೇರವಾಗಿ ತಾಲ್ಲೂಕಿನ ಡಾಕ್ಟರಿಗೆ ಹೋಗುತ್ತೆ."

ಹಿಂದಿನ ಸಾಲಿನಿಂದ ಒಬ್ಬ ಸಿಸ್ಟರ್ ಗಂಗಲಕ್ಷ್ಮಿಯ ಬೆನ್ನಿಗೆ ತಿವಿದಳು. "ಒತ್ತೀಯ ಕಣಕ್ಕ, ಆಮೇಲೆ ಮೆಮೊ ಬಂದ್ರೆ ನೀನೇ ಓದ್ಕೋ." ಸಭೆಯೆಲ್ಲ ನಕ್ಕಿತು. ಗಂಗಲಕ್ಷ್ಮಿಯೂ ನಕ್ಕಳು. ಆ ಬಟನ್ನನ್ನು ಮಾತ್ರ ಇನ್ನೊಂದು ಸಲ ನೋಡಿಕೊಂಡಳು.

ಮೇ ತಿಂಗಳಲ್ಲಿ ಉಪಕೇಂದ್ರದಲ್ಲಿ ಶಿಬಿರ ಇಟ್ಟಳು. ಮೊದಲಿಗೆ ಬಂದವಳು ಐವತ್ತೆಂಟರ ಸಿದ್ದಕ್ಕ, ಜೊತೆಗೆ ಸೊಸೆ ಪುಷ್ಪಲತಾ. ಪುಷ್ಪಲತಾ ಅದೇ ಊರಿನ ಹುಡುಗಿ. ಸೋದರಮಾವನ ಮಗ ಮೋಹನ್ ಕುಮಾರನನ್ನೇ ಮದುವೆಯಾಗಿ ಎರಡು ಬೀದಿ ಆಚೆಗೆ ಸೊಸೆಯಾಗಿ ಹೋಗಿದ್ದಳು. ಅವನು ತೋಟಗಳಲ್ಲಿ ಕಾಯಿ ಸುಲಿಯುತ್ತಿದ್ದ, ಅವಳು ಕೊಬ್ಬರಿ ಶೆಡ್ಡಿಗೆ ಹೋಗುತ್ತಿದ್ದಳು.

ಸಿದ್ದಕ್ಕ ಸೀಸೆಯನ್ನು ಮೂಸಿ ನೋಡಿ ಮುಖ ಕಿವುಚಿದಳು. "ಇದೇನೇ ಗಂಗಾ, ಗೋಬಿ ಮಂಚೂರಿಗೆ ಹಾಕ್ತಾರಲ್ಲ ಅದೇ ವಾಸ್ನೆ!"

"ಅದೇ ಕಣಮ್ಮ. ಗೋಬಿ ಒಂದಿಲ್ಲ ಅಷ್ಟೇ."

"ಥೂ ನಿನ್ನ! ಈ ವಯಸ್ನಲ್ಲಿ ನನ್ನ ಮಂಚೂರಿ ಮಾಡ್ತೀಯಲ್ಲೇ," ಎಂದು ನಗುತ್ತಲೇ ಪರದೆಯ ಹಿಂದೆ ಹೋದಳು. ಎಲ್ಲ ಸರಿಯಾಗಿತ್ತು. ಟ್ಯಾಬು ಹಸಿರಾಯಿತು.

ಪುಷ್ಪಲತಾಳ ಆಧಾರ್ ಕಾರ್ಡನ್ನು ಟ್ಯಾಬಿಗೆ ಹಿಡಿದರೆ ಹಸಿರೂ ಬರಲಿಲ್ಲ, ಕೆಂಪೂ ಬರಲಿಲ್ಲ. ಬೂದು ಬಣ್ಣದ ಒಂದು ಸಾಲು ಬಂತು: 'ವಯಸ್ಸು ಇಪ್ಪತ್ತೆಂಟು. ತಪಾಸಣೆಗೆ ಅರ್ಹರಲ್ಲ. ಮುಂದಿನ ವರ್ಷ ಜೂನ್ ಒಂದರ ನಂತರ ಕರೆಯಿರಿ.' ಮೂವತ್ತು ತುಂಬದವರನ್ನು ಅದು ಮುಂದಿನ ಪ್ರಶ್ನೆಗೇ ಬಿಡುತ್ತಿರಲಿಲ್ಲ.

"ನಿಂಗಿನ್ನೂ ವಯಸ್ಸಾಗಿಲ್ವಂತೆ ಕಣೇ. ಮುಂದ್ಲ ವರ್ಷ ಬಾ," ಎಂದಳು ಗಂಗಲಕ್ಷ್ಮಿ. ಬಾಗಿಲಲ್ಲಿ ಇನ್ನೂ ಒಂಬತ್ತು ಮಂದಿ ಕಾಯುತ್ತಿದ್ದರು.

ಪುಷ್ಪಲತಾ ಏನೋ ಹೇಳಲು ಬಾಯಿ ತೆರೆದವಳು, ಬಾಗಿಲ ಕಡೆ ನೋಡಿ ಕಾರ್ಡನ್ನು ಎತ್ತಿಕೊಂಡಳು. ಹೊರಗೆ ಹೋಗುತ್ತ ಅತ್ತೆಗೆ ಹೇಳಿದ ಮಾತು ಗಂಗಲಕ್ಷ್ಮಿಯ ಕಿವಿಗೆ ಬಿತ್ತು. "ಮಿಸೀನು ನಂಗೇನೂ ಇಲ್ಲ ಅಂತಂತೆ ಅತ್ತೆ. ಬದುಕ್ದೆ."

ಹಾಗಲ್ಲ ಎಂದು ಕೂಗಿ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು.

ಜೂನ್ ಒಂದರ ಬೆಳಿಗ್ಗೆ ಟ್ಯಾಬು ತೆರೆದ ಗಂಗಲಕ್ಷ್ಮಿ ಅದರ ಮುಂದೆಯೇ ಕುಳಿತುಬಿಟ್ಟಳು. ಮೇಲೆ ಒಂದು ಹೂಗುಚ್ಛದ ಚಿತ್ರ, 'ಹುಟ್ಟುಹಬ್ಬದ ಶುಭಾಶಯಗಳು, ಗಂಗಲಕ್ಷ್ಮಿ ಅವರೇ'. ಅದರ ಕೆಳಗೆ, 'ಈ ದಿನ ಹೊಸದಾಗಿ ತಪಾಸಣೆಗೆ ಅರ್ಹರಾದವರು: ಎಂಟು ಮಂದಿ'.

ಐದು ಹಳ್ಳಿಯಲ್ಲಿ ಎಂಟು ಹೆಂಗಸರು ಒಂದೇ ದಿನ, ಒಂದೇ ವರ್ಷ ಹುಟ್ಟಿದರೇ? ಹಿಂದಿನ ದಿನದ ಪಟ್ಟಿ ತೆಗೆದು ನೋಡಿದಳು. ಸೊನ್ನೆ. ಅದರ ಹಿಂದಿನ ಇಡೀ ತಿಂಗಳಿಗೆ ಇಬ್ಬರು. ಹಾಗಾದರೆ ಈ ಸೀಮೆಯ ಹೆಣ್ಣುಮಕ್ಕಳೆಲ್ಲ ಮುಂಗಾರಿಗೆ ಕಾದುಕೊಂಡಿದ್ದು ಒಟ್ಟಿಗೇ ಹುಟ್ಟುತ್ತಾರೆಯೇ? ಅವಳಿಗೆ ಮೊದಲು ನಗು ಬಂತು. ತಾನು ಹುಟ್ಟಿದ್ದೂ ಜೂನ್ ಒಂದಲ್ಲ, ರಾಗಿ ಕೊಯ್ಲಿನಲ್ಲಿ ಎಂಬುದು ನೆನಪಾಯಿತು. ಜಗಲಿಯ ಕಂಬ ನೆನಪಾಯಿತು. ಆಮೇಲೆ ನಗು ನಿಂತಿತು.

ಪುಷ್ಪಲತಾಳ ಕಾರ್ಡಿನಲ್ಲೂ ಜೂನ್ ಒಂದು. ಅವಳ ಮಗಳು ವರ್ಷಿಣಿಗೆ ಹದಿಮೂರು. ಆ ಮಗು ಹುಟ್ಟಿದ್ದು ಇದೇ ಉಪಕೇಂದ್ರದ ಲೆಕ್ಕದಲ್ಲಿ, ಅದರ ತಾರೀಖಂತೂ ಸುಳ್ಳಲ್ಲ. ಕಾರ್ಡನ್ನು ನಂಬಿದರೆ ಪುಷ್ಪಲತಾ ಹದಿನೈದಕ್ಕೇ ತಾಯಿಯಾದಳು ಎನ್ನಬೇಕು. ಆ ಮದುವೆಯಲ್ಲಿ ಗಂಗಲಕ್ಷ್ಮಿಯೇ ಊಟ ಮಾಡಿದ್ದಳು. ಮದುಮಗಳು ಅಂಥ ಎಳೆಯ ಹುಡುಗಿಯಾಗಿರಲಿಲ್ಲ.

ಮರುದಿನ ಭಾನುವಾರ. ಹುಳಿಯಾರಿನಿಂದ ತಿಪಟೂರಿಗೆ ಒಂದು ಬಸ್ಸು, ಅಲ್ಲಿಂದ ನೊಣವಿನಕೆರೆಗೆ ಇನ್ನೊಂದು ಹಿಡಿದು ಅವಳು ಮೇಷ್ಟರ ಮನೆಗೆ ಹೋದಳು. ನಿವೃತ್ತರಾದ ಮೇಲೆ ಮೇಷ್ಟರು ಹುಟ್ಟೂರಿಗೆ ಬಂದು ತೋಟ ನೋಡಿಕೊಂಡಿದ್ದರು. ಅವರ ಹೆಂಡತಿ ಗಿರಿಜಾಂಬಿಕಾ ಕಾಫಿ ತಂದುಕೊಟ್ಟು, "ನಿಮ್ಮ 'ಯಾಕೆ' ಹುಡುಗಿ ಬಂದಿದ್ದಾಳೆ," ಎಂದು ಗಂಡನಿಗೆ ಹೇಳಿ ನಕ್ಕರು.

"ಮೇಷ್ಟ್ರೇ, ಪುಷ್ಪಲತಾ ನೆನಪಿದ್ದಾಳಾ? ನೀವು ಸೇರಿಸ್ಕೊಂಡಾಗ ಅವಳ ಕೈ ಕಿವಿ ಮುಟ್ತಿತ್ತಾ?"

ಮೇಷ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಕುರಿ ಹಿಂದೆ ಹೋಗುತ್ತಿದ್ದ ಹುಡುಗಿ. ಎರಡು ವರ್ಷ ಅವರ ಮನೆಗೆ ತಿರುಗಿ ಕರೆತಂದೆ. ಕೈ ಕಿವಿ ಮುಟ್ಟುವುದೇನು, ಕಿವಿ ದಾಟಿ ಕೆನ್ನೆಗೆ ಬಂದಿತ್ತು. ಮುಂದಿನ ಹಲ್ಲೆಲ್ಲ ಹೊಸದು. ಒಂಬತ್ತಕ್ಕೆ ಕಡಿಮೆ ಇರಲಿಲ್ಲ."

"ಮತ್ತೆ ಆರು ಅಂತ ಬರ್ದಿದ್ದೀರಿ."

"ಬರೆದೆ. ಅಕ್ಷರ ಬಾರದ ಮಗುವನ್ನು ಒಂದನೆಯ ತರಗತಿಗೇ ಕೂರಿಸಬೇಕಲ್ಲಮ್ಮ. ಒಂಬತ್ತು ಎಂದು ಬರೆದರೆ ಯಾರಾದರೂ ಕೇಳುತ್ತಾರೆ, ಮಗು ನಾಚಿಕೊಂಡು ಬಿಟ್ಟುಹೋಗುತ್ತದೆ ಎಂದು ಹೆದರಿದೆ. ಮೂರು ವರ್ಷ ಕಡಿಮೆ ಬರೆದರೆ ಯಾರಿಗೆ ಏನು ನಷ್ಟ ಎಂದುಕೊಂಡೆ." ಅವರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. "ಈಗ ಏನಾಯಿತು, ಹೇಳು."

ಗಂಗಲಕ್ಷ್ಮಿ ಹೇಳಿದಳು. ಮೇಷ್ಟರು ಎದ್ದು ಒಳಗೆ ಹೋಗಿ, ಬಿಳಿಯ ಹಾಳೆಯೊಂದನ್ನು ತಂದು, ತಿದ್ದಿದ ಅಕ್ಷರದಲ್ಲಿ ಪತ್ರ ಬರೆದರು. ಸದರಿ ವಿದ್ಯಾರ್ಥಿನಿಯ ವಯಸ್ಸನ್ನು ತಾವು ತಿಳಿದೂ ಮೂರು ವರ್ಷ ಕಡಿಮೆ ಬರೆದುದಾಗಿ, ಅದರ ಹೊಣೆ ತಮ್ಮದೇ ಎಂದು. ಕೆಳಗೆ ಸಹಿ ಹಾಕಿ, ತಾರೀಖು ಬರೆದು, ಎರಡು ಸಲ ಓದಿ ಮಡಿಸಿಕೊಟ್ಟರು.

ಪತ್ರವೇನೋ ಕೈಗೆ ಬಂತು. ಅದನ್ನು ಟ್ಯಾಬಿನ ಯಾವ ಬಾಯಿಗೆ ಹಾಕುವುದು? ಬಸ್ಸಿನಿಂದಲೇ ಸುಷ್ಮಿತಾಳಿಗೆ ಫೋನ್ ಮಾಡಿದಳು.

"ವಯಸ್ಸು ತಿದ್ದೋಕೆ ಬರಲ್ಲ ಸಿಸ್ಟರ್, ಕಾರ್ಡಲ್ಲಿ ಇದ್ದಿದ್ದೇ ತಗೊಳುತ್ತೆ. ಆದ್ರೆ ಆ ಕೆಳಗಿನ ಬಟನ್ ಇದೆಯಲ್ಲ?"

"ಇದುವರ್ಗೂ ಯಾರಾದ್ರೂ ಒತ್ತಿದ್ದಾರಾ ಮೇಡಂ?"

ಅತ್ತ ಕಡೆ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. "ಇಲ್ಲ ಸಿಸ್ಟರ್. ಮೂರು ತಾಲ್ಲೂಕಲ್ಲೂ ಯಾರೂ ಒತ್ತಿಲ್ಲ. ಎಲ್ಲ ಸರಿಯಾಗಿದೆ ಅಂತ ನಾವು ಖುಷಿಯಾಗಿದ್ವಿ."

ಸೋಮವಾರ ಗಂಗಲಕ್ಷ್ಮಿ ಕೊಬ್ಬರಿ ಶೆಡ್ಡಿಗೆ ಹೋದಳು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಗಳ ರಾಶಿಯ ಮುಂದೆ ಹೆಂಗಸರು ಸಾಲಾಗಿ ಕುಳಿತಿದ್ದರು. ಪುಷ್ಪಲತಾ ಒಂದೊಂದು ಕಾಯಿಯನ್ನೂ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದಳು. ಗಡಗಡ ಎಂದರೆ ಒಳಗೆ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ, ಒಡೆಯಬಹುದು. ಸದ್ದಿಲ್ಲದ್ದು ಬೇರೆ ರಾಶಿಗೆ.

"ಪುಷ್ಪಾ, ಉಪಕೇಂದ್ರಕ್ಕೆ ಬಾರೇ. ಪರೀಕ್ಷೆ ಮಾಡಾನ."

"ಮಿಸೀನೇ ಬ್ಯಾಡ ಅಂದ್ಮೇಲೆ ನಿಮ್ದೇನು ಗಂಗಕ್ಕ? ನಂಗೇನೂ ಇಲ್ಲ ಅಂದೈತಲ್ಲ, ಬುಡಿ."

ಪಕ್ಕದವಳು, "ಸಿಸ್ಟ್ರಿಗೆ ತಲೆ ಎಣಿಸ್ಬೇಕು ಕಣೇ, ಮೇಲಿಂದ ಕೇಳ್ತಾರಂತೆ," ಎಂದು ಛೇಡಿಸಿದಳು. ನಾಲ್ಕು ಜನ ನಕ್ಕರು.

ಗಂಗಲಕ್ಷ್ಮಿ ಅವರ ನಡುವೆ ಕುಕ್ಕರುಗಾಲಲ್ಲಿ ಕುಳಿತಳು. ದೂರದ ಮೂಲೆಯಲ್ಲಿದ್ದ ಒಂದು ಕಾಯಿಯನ್ನು ತೋರಿಸಿದಳು. "ಅಗೋ ಅದು. ಅದರೊಳಗೆ ಕೊಬ್ಬರಿ ಚೆನ್ನಾಗೈತಾ, ಕೆಟ್ಟೈತಾ, ಹೇಳು ನೋಡಾನ."

"ಅಲ್ಲಿರೋದನ್ನ ಇಲ್ಲಿಂದ ಹೆಂಗೆ ಹೇಳಾದು? ಕೈಗೆ ತಗಂಡು ಅಲ್ಲಾಡಿಸ್ಬೇಕು."

"ಚೆನ್ನಾಗೈತೆ ಅಂತ ಹೇಳಿಬುಡು, ಏನೀಗ?"

"ಅಲ್ಲಾಡಿಸ್ದೆ ಹೇಳಿದ್ರೆ ಸಾವ್ಕಾರ್ರು ನನ್ನ ಮನೆಗೆ ಕಳಿಸ್ತಾರೆ."

"ಮಿಸೀನೂ ನಿನ್ನ ಕೈಗೇ ತಗಂಡಿಲ್ಲ ಕಣೇ. ನಿಂಗೇನೂ ಇಲ್ಲ ಅಂತ ಅದು ಹೇಳ್ನಿಲ್ಲ. ನಿನ್ನ ನೋಡಾದೇ ಇಲ್ಲ ಅಂತು. ಅವತ್ತು ನಾನಾದ್ರೂ ಕೈಗೆ ತಗಬೇಕಿತ್ತು, ತಗಳ್ಳಿಲ್ಲ. ತಪ್ಪು ನಂದು."

ಪುಷ್ಪಲತಾಳ ಕೈಯಲ್ಲಿದ್ದ ಕಾಯಿ ಅಲ್ಲಿಯೇ ನಿಂತಿತು. ಅವಳು ಅದನ್ನು ಯಾವ ರಾಶಿಗೂ ಹಾಕದೆ ಮಡಿಲಲ್ಲಿಟ್ಟುಕೊಂಡು ಎದ್ದಳು. ಶೆಡ್ಡಿನ ಹಿಂದೆ, ಸಿಪ್ಪೆಯ ಗುಡ್ಡೆಯ ಪಕ್ಕಕ್ಕೆ ಗಂಗಲಕ್ಷ್ಮಿಯನ್ನು ಕರೆದೊಯ್ದು ತಲೆ ತಗ್ಗಿಸಿ ಹೇಳಿದಳು. "ಆರು ತಿಂಗ್ಳಿಂದ, ಮುಟ್ಟಲ್ಲದ ದಿನಾನೂ ಆಗಾಗ ಕೆಂಪು ಕಾಣ್ತದೆ ಗಂಗಕ್ಕ. ಅವತ್ತು ಅದನ್ನ ಹೇಳಾಕೇ ಬಂದಿದ್ದೆ. ನಿಮ್ಮ ಮಿಸೀನು ಕೇಳ್ನಿಲ್ಲ, ನಾನು ಹೇಳ್ನಿಲ್ಲ."

ಅಂದೇ ಮಧ್ಯಾಹ್ನ ಪರೀಕ್ಷೆ ನಡೆಯಿತು. ಹತ್ತಿಯನ್ನು ಹಚ್ಚಿ ಗಡಿಯಾರ ನೋಡುತ್ತ ನಿಂತ ಗಂಗಲಕ್ಷ್ಮಿಗೆ ಆ ಒಂದು ನಿಮಿಷ ಇಷ್ಟು ಉದ್ದ ಎಂದು ಹಿಂದೆಂದೂ ಅನಿಸಿರಲಿಲ್ಲ. ನಿಮಿಷ ಮುಗಿಯುವ ಮೊದಲೇ ಬೆಳ್ಳಗಿನ ಮಚ್ಚೆ ಅಂಚುಕಟ್ಟಿಕೊಂಡು ಎದ್ದಿತ್ತು.

ಅವಳು ಕೈ ತೊಳೆದು ಬಂದು, ಬೂದು ಸಾಲಿನ ಕೆಳಗಿದ್ದ ಬಟನ್ನನ್ನು ಒತ್ತಿದಳು. ಕಾರಣ ಬರೆಯಿರಿ ಎಂದಿತು ಟ್ಯಾಬು. ಬರೆದಳು: 'ಕಾರ್ಡಿನ ವಯಸ್ಸು ನಿಜವಲ್ಲ. ಬರೆದ ಮೇಷ್ಟರೇ ಹೇಳಿದ್ದಾರೆ, ಪತ್ರ ಇದೆ. ಮುಟ್ಟಲ್ಲದ ದಿನ ರಕ್ತ. ಮಚ್ಚೆ ಇದೆ. ವಯಸ್ಸು ಎಷ್ಟೇ ಇರಲಿ, ಈಕೆಯನ್ನು ನೋಡಲೇಬೇಕು.' ಹತ್ತು ನಿಮಿಷದಲ್ಲಿ ತಾಲ್ಲೂಕಿನ ಡಾಕ್ಟರೇ ಫೋನ್ ಮಾಡಿದರು. ಮೆಮೊ ಕೊಡುವುದಕ್ಕಲ್ಲ. ತುಮಕೂರಿಗೆ ಬುಧವಾರವೇ ಕರೆದುಕೊಂಡು ಹೋಗಿ, ನಾನು ಹೇಳಿರುತ್ತೇನೆ ಎಂದರು.

ಬುಧವಾರ ಮೂವರೂ ಹೋದರು, ಗಂಗಲಕ್ಷ್ಮಿ, ಪುಷ್ಪಲತಾ, ಮೋಹನ್ ಕುಮಾರ್. ಅಲ್ಲಿ ದುರ್ಬೀನಿನಂಥ ಉಪಕರಣದಲ್ಲಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ಹನ್ನೆರಡು ದಿನ. ಆ ಹನ್ನೆರಡು ದಿನವೂ ನೊಣವಿನಕೆರೆಯಿಂದ ಬೆಳಿಗ್ಗೆ ಒಂದು ಫೋನ್ ಬರುತ್ತಿತ್ತು. ಮೇಷ್ಟರು ಮಳೆಯ ವಿಚಾರ ಮಾತ್ರ ಕೇಳುವರು. "ಇನ್ನೂ ಬಂದಿಲ್ಲ ಮೇಷ್ಟ್ರೇ," ಎಂದು ಗಂಗಲಕ್ಷ್ಮಿಯೇ ಹೇಳುವಳು.

ಹದಿಮೂರನೆಯ ದಿನ ಉತ್ತರ ಬಂತು. ಕ್ಯಾನ್ಸರ್ ಆಗಿರಲಿಲ್ಲ. ಆಗುವುದರ ಹಿಂದಿನ ಮೆಟ್ಟಿಲು, ಹೀಗೇ ಬಿಟ್ಟರೆ ಮುಂದೆ ಆಗಿಬಿಡಬಹುದಾದದ್ದು ಎಂದರು ಡಾಕ್ಟರು. ಮತ್ತೆ ತುಮಕೂರಿಗೆ ಕರೆಸಿಕೊಂಡು, ಕೆಟ್ಟ ಭಾಗವನ್ನು ತೆಗೆದುಹಾಕಿ ಸಂಜೆಯೇ ಮನೆಗೆ ಕಳಿಸಿದರು. ಬಸ್ಸಿನಲ್ಲಿ ಮೋಹನ್ ಕುಮಾರ್ ಹೆಂಡತಿಯನ್ನು ಕಿಟಕಿಯ ಕಡೆ ಕೂರಿಸಿ, "ಹಂಗಾರೆ ನೀನು ನಂಗಿಂತ ಮೂರು ವರ್ಸ ಚಿಕ್ಕೋಳಲ್ಲ, ನನ್ನ ವಾರಿಗೆಯೋಳೇ! ಮದ್ವೇಲಿ ನಂಗೆ ಮೋಸ ಆಗೈತೆ ಬುಡು," ಎಂದ. ಅವಳು ಅವನ ತೊಡೆಗೆ ಗುದ್ದಿ, ಎಷ್ಟೋ ದಿನದ ಮೇಲೆ ನಕ್ಕಳು.

ಸುಷ್ಮಿತಾ ಒಂದು ದಿನ ದಾಸನಪಾಳ್ಯಕ್ಕೇ ಬಂದಳು. ಶಾಲೆಯ ಜಗಲಿಯ ಮೇಲೆ ಗಂಗಲಕ್ಷ್ಮಿ ಅವಳಿಂದಲೂ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಕಿವಿ ಮುಟ್ಟಿಸಿದಳು. ಆ ಹುಡುಗಿ ಅದನ್ನು ನಾಲ್ಕು ಸಲ ಮಾಡಿ ನೋಡಿ, ಪುಸ್ತಕದಲ್ಲಿ ಏನೋ ಗೀಚಿಕೊಂಡು ಹೋದಳು. ಈಗ ಟ್ಯಾಬು ವಯಸ್ಸನ್ನು ಕೇಳುವ ಮೊದಲು ತೊಂದರೆ ಏನು ಎಂದು ಕೇಳುತ್ತದೆ. ಕಾರ್ಡಿನಲ್ಲಿ ಜೂನ್ ಒಂದು ಕಂಡರೆ, 'ಈ ದಿನಾಂಕ ನಿಜವೇ? ವಿಚಾರಿಸಿ' ಎನ್ನುತ್ತದೆ.

ಮುಂದಿನ ಜೂನಿನಲ್ಲಿ ಪುಷ್ಪಲತಾಳ ವರ್ಷದ ತಪಾಸಣೆ ಬಂತು. ಆ ವಾರ ಗಂಗಲಕ್ಷ್ಮಿ ತಾಯಿಯ ಜ್ವರದ ಓಡಾಟದಲ್ಲಿ ಅದನ್ನು ಪೂರಾ ಮರೆತಿದ್ದಳು. ಟ್ಯಾಬು ಮರೆತಿರಲಿಲ್ಲ, ಬೆಳಿಗ್ಗೆಯೇ ಹಳದಿ ಸಾಲಿನಲ್ಲಿ ಹೆಸರು ತೋರಿಸಿ, ಮೋಹನ್ ಕುಮಾರನ ಫೋನಿಗೂ ಸಂದೇಶ ಕಳಿಸಿತ್ತು. ಗಂಗಲಕ್ಷ್ಮಿ ಅದರ ಬೆನ್ನನ್ನು ಸವರಿದಳು, ಮಾತು ಕೇಳುವ ಮಗುವಿಗೆ ಸವರುವ ಹಾಗೆ. ಆ ಸಲ ಮಚ್ಚೆ ಏಳಲಿಲ್ಲ.

ಮೇಷ್ಟರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೂರು ಪುಟದ ನೋಟ್ ಪುಸ್ತಕವೊಂದರಲ್ಲಿ, ತಾವು ವಯಸ್ಸು ಹೆಚ್ಚು ಕಡಿಮೆ ಬರೆದ ಹೆಣ್ಣುಮಕ್ಕಳ ಹೆಸರನ್ನು ನೆನೆನೆನೆದು ಬರೆದರು. ಕುರಿ ಕಾಯುತ್ತಿದ್ದವಳು, ತಮ್ಮನನ್ನು ಎತ್ತಿಕೊಂಡೇ ತರಗತಿಗೆ ಬರುತ್ತಿದ್ದವಳು, ಎಡಗೈಯಲ್ಲಿ ಬರೆಯುತ್ತಿದ್ದವಳು, ಹೀಗೆ ನೆನಪಿದ್ದಷ್ಟು ಗುರುತು ಸಮೇತ ಅರವತ್ತೊಂದು ಹೆಸರು. ಬಹಳ ಮಂದಿ ಮದುವೆಯಾಗಿ ತುರುವೇಕೆರೆ, ತಿಪಟೂರು ಕಡೆಗೆ ಹೋಗಿದ್ದರು.

ಈಗ ಗಂಗಲಕ್ಷ್ಮಿ ಹುಡುಕುತ್ತಿರುವುದು ಅವರನ್ನು. ಪ್ರತಿ ಮಂಗಳವಾರ ಕೆಲಸ ಮುಗಿದ ಮೇಲೆ ಉಪಕೇಂದ್ರದ ಮೆಟ್ಟಿಲ ಮೇಲೆ ಕುಳಿತು ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಆಯಾ ಊರಿನ ಸಿಸ್ಟರುಗಳಿಗೆ ಫೋನ್ ಹಚ್ಚುತ್ತಾಳೆ. "ನಿಮ್ಮೂರಿಗೆ ಸೊಸೆಯಾಗಿ ಬಂದವಳೆ ನೋಡಿ ಸಿಸ್ಟ್ರೇ, ಎಡಗೈಲಿ ಬರೀತಾಳೆ. ಕಾರ್ಡ್ ನಂಬ್ಬೇಡಿ." ನಲವತ್ತಾರು ಹೆಸರು ಸಿಕ್ಕಿವೆ. ಸಿಕ್ಕವರ ಮುಂದೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಹಾಕುತ್ತಾಳೆ.

ಕಳೆದ ವಾರ ನಲವತ್ತೇಳನೆಯ ಹೆಸರಿನ ಬಳಿ ತಡೆದು, ನೊಣವಿನಕೆರೆಗೆ ಫೋನ್ ಮಾಡಿದಳು.

"ಮೇಷ್ಟ್ರೇ, ಈ ನಲವತ್ತೇಳನೇದಕ್ಕೆ ನೀವು ಗುರುತೇ ಬರ್ದಿಲ್ಲ. ಕೈ ಕಿವಿ ಮುಟ್ಟಿತ್ತಾ ಇಲ್ವಾ?"

"ತಾಳಮ್ಮ, ಯೋಚಿಸುತ್ತೇನೆ," ಎಂದರು ಮೇಷ್ಟರು.

ಗಂಗಲಕ್ಷ್ಮಿ ಫೋನನ್ನು ಕಿವಿಗೆ ಒತ್ತಿಕೊಂಡು, ಪೆನ್ಸಿಲ್ ಹಿಡಿದು ಕಾಯುತ್ತ ಕುಳಿತಳು.